ಗೋಡೆಯ ಮೇಲಿನ ವಿಮಾನಗಳು

ಈ ಸಲದ ರಾಜ್ಯೋತ್ಸವದ ಅಂಗವಾಗಿ ನಮ್ಮ ಸಂಘದವರು ಏರ್ಪಡಿಸಿದ್ದ ಚಿತ್ರಪ್ರದರ್ಶನವನ್ನು ವಾಚಕರಲ್ಲಿ ಅನೇಕರು ನೋಡಿದ್ದೀರಿ. ಕಸೂತಿಯ ಸೆರಗುಗಳು, ಮೈಸೂರು ಶೈಲಿಯ ದೇವರ ಪಟಗಳು, ಮಕ್ಕಳು ಬರೆದ ಹಂಪಿಯ ಕಲ್ಲಿನ ರಥ ಇವೆಲ್ಲ ಪ್ರತಿವರ್ಷವೂ ಇರುವಂಥವು. ಈ ವರ್ಷ ಹೊಸದಾಗಿ ಬಂದದ್ದು ಎಡಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಹನ್ನೊಂದು ಯುದ್ಧವಿಮಾನಗಳ ಚಿತ್ರಗಳು. ಅವು ಮಿಯಾಪುರದ ನಮ್ಮ ನೆರೆಯವರಾದ ರಾಯರ ಸಂಗ್ರಹದವು. ಸಮಿತಿಯಲ್ಲಿ ಇಬ್ಬರು ಆಕ್ಷೇಪಿಸಿದರು. ಇವು ಅಚ್ಚಿನ ಚಿತ್ರಗಳು, ಕಲೆಯಲ್ಲ ಎಂದು ಒಬ್ಬರು. ಇಂಗ್ಲಿಷರ ವಿಮಾನಕ್ಕೂ ಕನ್ನಡ ತಾಯಿಗೂ ಏನು ನಂಟು ಎಂದು ಇನ್ನೊಬ್ಬರು. ಚಿತ್ರಗಳು ಹೇಗೋ ಗೋಡೆಯ ಮೇಲೆ ಉಳಿದವು, ಚರ್ಚೆಯೂ ಉಳಿಯಿತು. ರಾಯರ ಮನೆಗೆ ನಾವೇ ಹತ್ತಿರವೆಂಬ ಒಂದೇ ಕಾರಣದಿಂದ ಸಂಪಾದಕರು ವಿಮರ್ಶೆ ಬರೆಯುವ ಹೊಣೆಯನ್ನು ನಮ್ಮ ತಲೆಗೆ ಕಟ್ಟಿದರು. ಬಿ.ಎಸ್‌ಸಿ. ಓದಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುವ ನಮಗೆ ಕಲೆಯ ವಿಚಾರದಲ್ಲಿ ಅಧಿಕಾರವಾಣಿಯಿಲ್ಲ. ಆದರೆ ಸಹಿ, ನಕಲು, ಕ್ರಮಸಂಖ್ಯೆ ಈ ಮೂರರಲ್ಲಿ ಇಪ್ಪತ್ತು ವರ್ಷ ಕೈಪಳಗಿದೆ; ಈ ಚಿತ್ರಗಳ ಗುಟ್ಟೆಲ್ಲ ಇರುವುದೂ ಆ ಮೂರರಲ್ಲಿಯೇ.

ರಾಯರು ಧಾರವಾಡದ ಕಡೆಯವರು. ಬಾಲಾನಗರದ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ನಿವೃತ್ತರಾಗಿ ಮಿಯಾಪುರದಲ್ಲಿ ಮನೆ ಮಾಡಿದವರು. 2017ರ ನವೆಂಬರಿನಲ್ಲಿ ಇಲ್ಲಿಂದ ಮೆಟ್ರೋ ರೈಲು ಹೊರಟ ಮೇಲೆ ನಮ್ಮ ಬಡಾವಣೆಯ ಗದ್ದಲ ಎಷ್ಟು ಹೆಚ್ಚಿತೆಂದು ಬಲ್ಲವರೇ ಬಲ್ಲರು. ಆದರೂ ಬೆಳಗಿನ ಹೊತ್ತು ಮಾಳಿಗೆಯ ಮೇಲೆ ನಿಂತರೆ ಕೆಲವು ದಿನ ಉತ್ತರ ದಿಕ್ಕಿನಿಂದ, ದುಂಡಿಗಲ್ಲಿನ ವಾಯುಸೇನಾ ಅಕಾಡೆಮಿಯ ಕಡೆಯಿಂದ, ತರಬೇತಿ ವಿಮಾನದ ಗುಂಯ್‌ಗುಟ್ಟುವಿಕೆ ಕೇಳುತ್ತದೆ. ರಾಯರು ಕಾಫಿಯ ಲೋಟವನ್ನು ಕೆಳಗಿಟ್ಟು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಾರೆ. ಎಂಬತ್ತರ ಹತ್ತಿರದ ಈ ಮನುಷ್ಯರಿಗೆ ಈ ಚಟ ಹತ್ತಿದ್ದು ವಿದೇಶದಲ್ಲಿದ್ದ ತಂಗಿಯ ಮಗನೊಬ್ಬ ಒಮ್ಮೆ ಹುಟ್ಟುಹಬ್ಬಕ್ಕೆಂದು ಸ್ಪಿಟ್‌ಫೈರ್ ವಿಮಾನದ ಚಿತ್ರವೊಂದನ್ನು ಕಳುಹಿಸಿದಾಗ. ಆಮೇಲೆ ವರ್ಷಕ್ಕೊಂದು ಎರಡು ಎಂದು ಅವರೇ ತರಿಸುತ್ತ ಹೋದರು. ಪಿಂಚಣಿಯ ಹಣ, ಮನೆಯಲ್ಲಿ ಮಾತು ಬಂದಿರಲಿಕ್ಕೂ ಸಾಕು. ಅದು ನಮ್ಮ ವಿಮರ್ಶೆಯ ವ್ಯಾಪ್ತಿಗೆ ಬರುವುದಿಲ್ಲ.

ಈ ಬಗೆಯ ಚಿತ್ರ ಹೇಗೆ ತಯಾರಾಗುತ್ತದೆಂದು ಮೊದಲು ಹೇಳಬೇಕು. ಕಲಾವಿದನು ಎಣ್ಣೆಬಣ್ಣದಲ್ಲಿ ಒಂದು ದೊಡ್ಡ ಚಿತ್ರ ಬರೆಯುತ್ತಾನೆ. ಅದು ಹಣವಂತರೊಬ್ಬರ ಮನೆಗೋ ವಸ್ತುಸಂಗ್ರಹಾಲಯಕ್ಕೋ ಹೋಗುತ್ತದೆ. ಪ್ರಕಾಶಕರು ಅದರ ಛಾಯಾಚಿತ್ರ ತೆಗೆದು, ಒಳ್ಳೆಯ ದಪ್ಪ ಕಾಗದದ ಮೇಲೆ ಆಫ್‌ಸೆಟ್ ಯಂತ್ರದಲ್ಲಿ ಐನೂರೋ ಸಾವಿರವೋ ಪ್ರತಿಗಳನ್ನು ಅಚ್ಚುಹಾಕುತ್ತಾರೆ. ಚಿತ್ರದ ಕೆಳಗೆ ನಾಲ್ಕು ಬೆರಳಷ್ಟು ಬಿಳಿಯ ಅಂಚು ಬಿಟ್ಟಿರುತ್ತದೆ. ಆ ಅಂಚಿನಲ್ಲಿ ಕಲಾವಿದ ಪೆನ್ಸಿಲಿನಿಂದ ಸಹಿ ಹಾಕುತ್ತಾನೆ. ಇಷ್ಟರಲ್ಲಿ ಇದು ಇಷ್ಟನೆಯದು ಎಂದು ಸಂಖ್ಯೆ ಬರೆಯುತ್ತಾನೆ. ಅದರ ಪಕ್ಕದಲ್ಲಿ, ಆ ಯುದ್ಧದಲ್ಲಿ ಅಂಥ ವಿಮಾನವನ್ನು ನಿಜವಾಗಿ ಹಾರಿಸಿ ಬದುಕಿ ಬಂದ ಒಬ್ಬರೋ ಇಬ್ಬರೋ ಹಳೆಯ ಪೈಲಟ್‌ಗಳು ಸಹಿ ಹಾಕುತ್ತಾರೆ. ಜೊತೆಗೊಂದು ಪ್ರಮಾಣಪತ್ರ. ಹೇಳಿದಷ್ಟು ಪ್ರತಿಗಳು ಮುಗಿದರೆ ಮತ್ತೆ ಅಚ್ಚುಹಾಕುವುದಿಲ್ಲ ಎಂಬುದು ಪ್ರಕಾಶಕರ ವಾಗ್ದಾನ. ಪ್ರತಿ ಮುಗಿದ ಮೇಲೆ ಸಂಗ್ರಾಹಕರು ತಮ್ಮತಮ್ಮಲ್ಲೇ ಕೊಂಡು ಮಾರುತ್ತಾರೆ. ಬೆಲೆ ಏರುವುದು ಆಗ.

ಮಿತಿ ಎಂಬ ಈ ಮಾತನ್ನು ಸ್ವಲ್ಪ ಉಜ್ಜಿ ನೋಡಬೇಕಾಗುತ್ತದೆ. ಸಾಮಾನ್ಯ ಪ್ರತಿಗಳು ಮುಗಿದರೂ ಕಲಾವಿದನ ಸ್ವಂತ ಪ್ರತಿಗಳೆಂದು ಒಂದಿಷ್ಟು ಬೇರೆ ಇರುತ್ತವೆ; ಅವುಗಳ ಲೆಕ್ಕ ಬೇರೆ, ದರವೂ ಹೆಚ್ಚು. ಅಂಚಿನಲ್ಲಿ ಕಲಾವಿದ ಕೈಯಾರೆ ಒಂದು ಚಿಕ್ಕ ವಿಮಾನವನ್ನು ಪೆನ್ಸಿಲಿನಲ್ಲಿ ಬರೆದುಕೊಟ್ಟ ಪ್ರತಿಗಳು ಇನ್ನೊಂದಿಷ್ಟು. ಅದಕ್ಕೆ ಇನ್ನೂ ಹೆಚ್ಚು. ಹಳೆಯ ಕಾಲದ ಕಲ್ಲಚ್ಚಿನಲ್ಲಿಯೋ ತಾಮ್ರದ ತಗಡಿನ ಕೆತ್ತನೆಯಲ್ಲಿಯೋ ಮಿತಿಗೆ ಅರ್ಥವಿತ್ತು. ತಗಡು ಸವೆಯುತ್ತಿತ್ತು, ಮೊದಲ ಐವತ್ತು ಪ್ರತಿಗಳ ಗೆರೆ ಕೊನೆಯ ಐವತ್ತಕ್ಕೆ ಬರುತ್ತಿರಲಿಲ್ಲ. ಆಫ್‌ಸೆಟ್ಟಿನಲ್ಲಿ ಒಂದನೆಯದಕ್ಕೂ ಸಾವಿರದದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಯಂತ್ರ ಬೇಕೆಂದರೆ ಲಕ್ಷ ಪ್ರತಿ ತೆಗೆಯಬಲ್ಲದು. ಇಲ್ಲಿ ಮಿತಿಯನ್ನು ಹಾಕಿದ್ದು ತಗಡಲ್ಲ, ವ್ಯಾಪಾರ. ಕಾಲೇಜಿನ ಸಸ್ಯಶಾಸ್ತ್ರದ ತರಗತಿಯಿಂದ ನಮ್ಮಲ್ಲುಳಿದ ಭೂತಗನ್ನಡಿಯೊಂದಿದೆ. ಅದನ್ನು ರಾಯರ ಅನುಮತಿ ಪಡೆದು ಒಂದು ಚಿತ್ರದ ಮೇಲೆ ಹಿಡಿದೆವು. ಅಷ್ಟು ಭವ್ಯವಾದ ಸಂಜೆಯ ಮೋಡ ನೀಲಿ, ಕೆಂಪು, ಹಳದಿ, ಕಪ್ಪು ನಾಲ್ಕೇ ಬಣ್ಣದ ಚುಕ್ಕೆಗಳಾಗಿ ಒಡೆದುಹೋಯಿತು. ನಮ್ಮ ಮನೆಗೆ ಬರುವ ವಾರಪತ್ರಿಕೆಯ ಮುಖಪುಟದಂತೆಯೇ. ಚುಕ್ಕೆಯಿಲ್ಲದ ಜಾಗ ಅಂಚೊಂದೇ. ಪೆನ್ಸಿಲಿನ ಸೀಸ ಕಾಗದದ ನಾರಿಗೆ ಹತ್ತಿ ಹೊಳೆಯುತ್ತಿತ್ತು. ಪೈಲಟ್‌ನ ಕೈ ನಡುಗಿದ್ದೂ ಗೊತ್ತಾಗುತ್ತಿತ್ತು. ಎಂದ ಮೇಲೆ ರಾಯರು ಹಣ ತೆತ್ತದ್ದು ಅಂಚಿಗೆ. ಚಿತ್ರ ಅದರ ಜೊತೆಗೆ ಬಂದದ್ದು.

ಅಚ್ಚಿನ ಚಿತ್ರ ಕಲೆಯಲ್ಲವೆಂದ ಸಮಿತಿಯ ಸದಸ್ಯರಿಗೆ ಮಾತ್ರ ನಾವು ಒಪ್ಪಲಾರೆವು. ಅವರ ಮನೆಯ ದೇವರ ಕೋಣೆಯಲ್ಲಿರುವ ಲಕ್ಷ್ಮಿ ಸರಸ್ವತಿಯರು ಎಲ್ಲಿಂದ ಬಂದರು? ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಜರ್ಮನ್ ಯಂತ್ರಗಳ ಮುದ್ರಣಾಲಯ ತೆರೆದದ್ದರಿಂದ ಅರಮನೆಯ ಗೋಡೆಯ ಚಿತ್ರ ಅಂಗಡಿಯ ಗಲ್ಲಾದ ಮೇಲೆ ಬಂತು. ನಮ್ಮ ಕಲಬುರ್ಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಆಮೇಲೆ ಕ್ಯಾಲೆಂಡರಿನ ಪೌರಾಣಿಕ ಚಿತ್ರಗಳನ್ನು ಬರೆದು, 1993ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಚಿತ್ರ ಕಾಣದ ಮನೆ ಅಪರೂಪವಾಗಿತ್ತು. ಆ ಕ್ಯಾಲೆಂಡರುಗಳಿಗೆ ಕ್ರಮಸಂಖ್ಯೆಯಿರಲಿಲ್ಲ, ಪೆನ್ಸಿಲಿನ ಸಹಿಯಿರಲಿಲ್ಲ, ಪ್ರಮಾಣಪತ್ರವಿರಲಿಲ್ಲ. ಡಿಸೆಂಬರು ಮುಗಿದ ಮೇಲೂ ತಾರೀಖಿನ ಹಾಳೆ ಹರಿದು ಚಿತ್ರವನ್ನಷ್ಟೇ ಕಟ್ಟುಹಾಕಿಸಿ ಇಟ್ಟುಕೊಂಡರು ಜನ. ಇಷ್ಟೇ ಜನಕ್ಕೆ ಸಿಕ್ಕಬೇಕೆಂಬ ಹಟ ಪಂಡಿತರ ಸರಸ್ವತಿಗೆ ಇರಲಿಲ್ಲ. ವಿಮಾನದ ಚಿತ್ರಗಳಿಗೆ ಅದು ಇದೆ. ನಮ್ಮ ತಕರಾರು ಅಲ್ಲಿದೆಯೇ ಹೊರತು ಅಚ್ಚಿನಲ್ಲಲ್ಲ.

ಇನ್ನು ಸಹಿಯ ವಿಚಾರ. ಗುಮಾಸ್ತನಾದವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮಾರ್ಕ್ಸ್ ಕಾರ್ಡಿನ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಲು ನಾವೆಲ್ಲ ಒಂದು ಕಾಲದಲ್ಲಿ ಎಷ್ಟು ಬಾಗಿಲು ಕಾದಿಲ್ಲ? 2014ರ ಸುಮಾರಿಗೆ ಸರ್ಕಾರವೇ ಸ್ವಯಂ ದೃಢೀಕರಣ ಸಾಕೆಂದು ಹೇಳಿ ಆ ಸಂಕಟದಿಂದ ಜನರನ್ನು ಬಿಡಿಸಿತು. ಆ ಅಧಿಕಾರಿ ಸಹಿಯಿಂದ ಹೇಳುತ್ತಿದ್ದದ್ದೇನು? ನಾನು ಮೂಲವನ್ನು ಕಂಡಿದ್ದೇನೆ, ನಕಲು ಅದಕ್ಕೆ ಸರಿಯಾಗಿದೆ, ಎಂದು. ಪೈಲಟ್‌ನ ಸಹಿಯೂ ಅದನ್ನೇ ಹೇಳುತ್ತದೆ. ಇಂಗ್ಲೆಂಡಿನ ಬಾತ್ ಪಟ್ಟಣದ ರಾಬರ್ಟ್ ಟೇಲರ್ ಈ ಬಗೆಯ ಚಿತ್ರಕಾರರಲ್ಲಿ ಬಹಳ ಹೆಸರಾದವರು. ಅವರ ತಲೆಮಾರಿನವರು ಬೆಳೆದದ್ದು ಯುದ್ಧ ಮುಗಿದ ಮೇಲೆ. 1940ರ ಆಕಾಶವನ್ನು ಅವರು ಕಾಣಲಿಲ್ಲ. ಕಂಡವರನ್ನು ಕೇಳಿ, ಹಳೆಯ ಛಾಯಾಚಿತ್ರ ತಿರುವಿ, ಬರೆದರು. ಹಾಗಾಗಿಯೇ ಕಂಡವನ ಸಹಿ ಬೇಕಾಯಿತು. ಟೇಲರರ ಚಿತ್ರಗಳಲ್ಲಿ ಬ್ರಿಟಿಷರ ಡಗ್ಲಾಸ್ ಬೇಡರ್ ಮತ್ತು ಜರ್ಮನರ ಅಡಾಲ್ಫ್ ಗಾಲಂಡ್ ಇಬ್ಬರೂ ಒಂದೇ ಅಂಚಿನಲ್ಲಿ ಸಹಿ ಹಾಕಿದ್ದೊಂದು ಇದೆ. ಬೇಡರ್ 1931ರ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡು, ಕೃತಕ ಕಾಲಿನಿಂದಲೇ ಯುದ್ಧವಿಮಾನ ಹಾರಿಸಿದವರು. 1941ರಲ್ಲಿ ಫ್ರಾನ್ಸಿನ ಮೇಲೆ ಬಿದ್ದು ಸೆರೆಯಾದಾಗ ಅವರನ್ನು ಕರೆಸಿ ಉಪಚರಿಸಿದವರು ಇದೇ ಗಾಲಂಡ್. ಬೇಡರ್ 1982ರಲ್ಲಿ, ಗಾಲಂಡ್ 1996ರಲ್ಲಿ ತೀರಿಕೊಂಡರು. ಆ ಚಿತ್ರ ರಾಯರಲ್ಲಿಲ್ಲ. ಅದರ ಮಾತು ಬಂದಾಗ ಅವರ ಧ್ವನಿ ಸಣ್ಣದಾಗುತ್ತದೆ, ಬೇರೆಯವರ ಒಡವೆಯ ಮಾತು ಬಂದಾಗ ನಮ್ಮ ಮನೆಯವರ ಧ್ವನಿ ಆಗುವ ಹಾಗೆ. ಬ್ರಿಟನ್ನಿನ ಆ ವಾಯುಸಮರದಲ್ಲಿ ಹಾರಿದ ಸುಮಾರು ಮೂರು ಸಾವಿರ ಮಂದಿಯಲ್ಲಿ ಕೊನೆಯವರಾದ ಜಾನ್ ಹೆಮಿಂಗ್‌ವೇ 2025ರ ಮಾರ್ಚ್ 17ರಂದು 105ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇನ್ನು ಆ ಕದನಕ್ಕೆ ಹೊಸ ಸಾಕ್ಷಿ ಸಹಿ ಸಿಕ್ಕುವುದಿಲ್ಲ. ಎಂದೋ ಬೇರೆ ಕಾಗದದಲ್ಲಿ ಪಡೆದ ಹಸ್ತಾಕ್ಷರಗಳನ್ನು ಚಿತ್ರದ ಸುತ್ತಲಿನ ರಟ್ಟಿನಲ್ಲಿ ಕಿಂಡಿ ಕೊರೆದು ಕೂಡಿಸಿ ಮಾರುವ ಪದ್ಧತಿಯೂ ಉಂಟು. ನಮ್ಮ ಕಚೇರಿಯಲ್ಲಾದರೆ ಅದಕ್ಕೊಂದು ಆಡಿಟ್ ಆಕ್ಷೇಪಣೆ ಬರುತ್ತಿತ್ತು: ಸಹಿ ಮಾಡಿದವರು ಈ ನಕಲನ್ನು ಕಂಡಿರಲೇ ಇಲ್ಲ.

ಕಂಡು ಬರೆದವರೂ ಇದ್ದರು. ಫ್ರಾಂಕ್ ವೂಟನ್ ಎಂಬವರು 1944ರಲ್ಲಿ ಬ್ರಿಟಿಷ್ ವಾಯುಸೇನೆಯ ಜೊತೆ ನಾರ್ಮಂಡಿಗೆ ಹೋದ ಯುದ್ಧಚಿತ್ರಕಾರರು. ಮುಂದೆ ಭಾರತ ಬರ್ಮಾಗಳ ಕಡೆಗೂ ಬಂದರು. ಫಲೇಸ್ ಕಣಿವೆಯಲ್ಲಿ ರಾಕೆಟ್ ಬಿಡುವ ಟೈಫೂನ್ ವಿಮಾನಗಳ ಅವರ ಚಿತ್ರ ಲಂಡನ್ನಿನ ಯುದ್ಧ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ವಿಮಾನಕ್ಕಿಂತ ಕೆಳಗಿನ ನೆಲ, ಹೊಗೆ, ಉರಿಯುವ ಸಾಲುವಾಹನಗಳಿಗೆ ಹೆಚ್ಚು ತೂಕ. ಇನ್ನೊಬ್ಬರು ಪಾಲ್ ನ್ಯಾಷ್. ಆಕ್ಸ್‌ಫರ್ಡಿನ ಬಳಿ ಕೌಲಿಯಲ್ಲಿ ಬಿದ್ದ ಜರ್ಮನ್ ವಿಮಾನಗಳನ್ನು ರಾಶಿ ಹಾಕಿದ್ದರು. ಅದನ್ನು ನೋಡಿ ಅವರು 1940–41ರಲ್ಲಿ ‘ಸತ್ತ ಸಮುದ್ರ’ ಎಂಬರ್ಥದ ಜರ್ಮನ್ ಹೆಸರಿಟ್ಟು ಚಿತ್ರ ಬರೆದರು: ಬೆಳ್ದಿಂಗಳಲ್ಲಿ ಮುರಿದ ರೆಕ್ಕೆಗಳೇ ಅಲೆಗಳಾಗಿ ದಡಕ್ಕೆ ಬಡಿಯುತ್ತಿವೆ. ಅದರಲ್ಲಿ ಹಾರುವ ವಿಮಾನ ಒಂದೂ ಇಲ್ಲ. ಅದಕ್ಕೆ ಯಾವ ಪೈಲಟ್‌ನ ದೃಢೀಕರಣವೂ ಬೇಕಾಗಿಲ್ಲ. ಪುಸ್ತಕದಲ್ಲಿ ಅಂಗೈಯಗಲದ ಚಿತ್ರವಾಗಿ ನೋಡಿದರೂ ಮೈ ಜುಂ ಎನ್ನುತ್ತದೆ.

ಇದನ್ನು ಇಟ್ಟುಕೊಂಡು ರಾಯರ ಗೋಡೆಯತ್ತ ತಿರುಗಿದರೆ ಅಲ್ಲಿನ ಚಿತ್ರಗಳ ಗುಣವೂ ಕೊರತೆಯೂ ಒಟ್ಟಿಗೆ ಕಾಣುತ್ತವೆ. ಗುಣ ಏನೆಂದರೆ ಶ್ರದ್ಧೆ. ರೆಕ್ಕೆಯ ಮೇಲಿನ ಮೊಳೆಗಳ ಸಾಲು, ಹೊಗೆಕೊಳವೆಯ ಹಿಂದಿನ ಮಸಿ, ಇಂತಿಂಥ ತಿಂಗಳಲ್ಲಿ ಇಂತಿಂಥ ದಳಕ್ಕೆ ಇದ್ದ ಅಕ್ಷರಗಳು ಇವುಗಳಲ್ಲಿ ತಪ್ಪು ಹುಡುಕಲು ಕಾರ್ಖಾನೆಯ ರಾಯರಿಗೂ ಕಷ್ಟ. ಕೊರತೆ ಏನೆಂದರೆ ಎಲ್ಲದರಲ್ಲೂ ಅದೇ ಬೆಟ್ಟದಂಥ ಮೋಡ, ಅದೇ ಹೊಂಬಿಸಿಲು, ಮುಕ್ಕಾಲು ಪಾರ್ಶ್ವದಿಂದ ನಮ್ಮತ್ತ ವಾಲಿ ಬರುವ ಅದೇ ನಾಯಕ ವಿಮಾನ. ಶತ್ರುವಿನದು ದೂರದಲ್ಲಿ, ಸಣ್ಣದಾಗಿ, ಹೊಗೆಯ ಗೆರೆ ಎಳೆಯುತ್ತ. ಪೈಲಟ್‌ನ ಮುಖ ಕನ್ನಡಕ, ಮುಖವಾಡಗಳ ಹಿಂದೆ. ಬಾಂಬರ್ ವಿಮಾನದ ಚಿತ್ರ ಎರಡಿವೆ. ಬಾಂಬು ಬೀಳುವ ಊರು ಒಂದರಲ್ಲೂ ಇಲ್ಲ. ವೀರ, ಅದ್ಭುತ ಈ ಎರಡೇ ರಸ. ರನ್ನನೂ ಪಂಪನೂ ವೀರವನ್ನು ಬರೆದವರೇ. ಆದರೆ ಹೆಣದ ರಾಶಿಯನ್ನು ದಾಟಿಸದೆ ಅವರು ಓದುಗನನ್ನು ಮನೆಗೆ ಕಳುಹಿಸಲಿಲ್ಲ. ಸಂಗ್ರಾಹಕನ ಪಡಸಾಲೆಗೆ ಬೀಭತ್ಸ ಹೊಂದುವುದಿಲ್ಲವೆಂದು ಪ್ರಕಾಶಕರು ಬಲ್ಲರು. 1965ರ ಸೆಪ್ಟೆಂಬರ್ 19ರಂದು ಗುಜರಾತಿನ ಮುಖ್ಯಮಂತ್ರಿ ಬಲವಂತರಾಯ ಮೆಹತಾ ಅವರಿದ್ದ ಸಣ್ಣ ವಿಮಾನವನ್ನು ಪಾಕಿಸ್ತಾನದ ಪೈಲಟ್ ಕೈಸ್ ಹುಸೇನ್ ಹೊಡೆದುರುಳಿಸಿದರು. ನಲವತ್ತಾರು ವರ್ಷದ ಮೇಲೆ, 2011ರಲ್ಲಿ, ಸತ್ತ ವಿಮಾನಚಾಲಕರ ಮಗಳಿಗೆ ಪತ್ರ ಬರೆದು ದುಃಖ ತಿಳಿಸಿದರು. ಆಕೆಯೂ ಸೌಜನ್ಯದಿಂದ ಉತ್ತರ ಬರೆದರು. ಅದೂ ಯುದ್ಧದ ಆಕಾಶದಲ್ಲಿ ನಡೆದದ್ದೇ. ಅಂಥದಕ್ಕೆ ಮಿತಸಂಖ್ಯೆಯ ಮುದ್ರಣ ಯಾರು ತರುತ್ತಾರೆ?

ಕನ್ನಡಕ್ಕೂ ಈ ವಿಮಾನಗಳಿಗೂ ಏನು ನಂಟು ಎಂದು ಕೇಳಿದ ಸದಸ್ಯರಿಗೆ ಒಂದು ಸಂಗತಿ ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಸೇನೆಯ 129ನೆಯ ದಳದ ಹೆಸರು ಮೈಸೂರು ದಳ. 1941ರ ಜೂನಿನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡಿನಲ್ಲಿ ಸ್ಪಿಟ್‌ಫೈರ್ ದಳವಾಗಿ ರೂಪುಗೊಂಡು, ಮೈಸೂರಿನಿಂದ ಹೋದ ಹಣಕ್ಕೆ ಪ್ರತಿಯಾಗಿ ಈ ಹೆಸರು ಪಡೆಯಿತು. ಅದರ ಲಾಂಛನ ನಮ್ಮ ಗಂಡಭೇರುಂಡ! ಇಂದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿರುವ ಅದೇ ಎರಡು ತಲೆಯ ಹಕ್ಕಿಯನ್ನು ಲಾಂಛನವಾಗಿ ಹೊತ್ತ ದಳ 1942ರ ಆಗಸ್ಟಿನಲ್ಲಿ ಡಿಯೆಪ್ ದಾಳಿಯ ಮೇಲೆ ಹಾರಿತು. 1944ರಲ್ಲಿ ಮಸ್ಟಾಂಗ್ ವಿಮಾನಗಳಿಗೆ ಬದಲಾಗಿ, ಲಂಡನ್ನಿನತ್ತ ಬರುತ್ತಿದ್ದ ಚಾಲಕರಿಲ್ಲದ ಹಾರುಬಾಂಬುಗಳನ್ನು ಬೆನ್ನಟ್ಟಿತು. ನಾವು ಅನ್ನ ಉಣ್ಣುವ ಈ ಊರಿನ ಹೆಸರನ್ನು ಹೊತ್ತ ದಳಗಳು ಒಂದಲ್ಲ, ಮೂರು. ಮೊದಲ ಯುದ್ಧದಲ್ಲಿಯೇ ನಿಜಾಮರು ವಿಮಾನ ಕೊಡಿಸಿದ 110ನೆಯ ದಳ. ಎರಡನೆಯದರಲ್ಲಿ 152 ಮತ್ತು 253. ಇವುಗಳಲ್ಲಿ 152ನೆಯದು 1940ರಲ್ಲಿ ಡಾರ್ಸೆಟ್ ಸೀಮೆಯ ವಾರ್ಮ್‌ವೆಲ್‌ನಿಂದ ಹಾರಿ, ಮುಂದೆ ಬರ್ಮಾ ರಂಗಕ್ಕೆ ಬಂತು. ಅದರ ಲಾಂಛನದಲ್ಲಿ ನಿಜಾಮರ ಶಿರಸ್ತ್ರಾಣ. ಧ್ಯೇಯವಾಕ್ಯ, ನಂಬಿಗಸ್ತ ಮಿತ್ರ ಎಂಬರ್ಥದ್ದು. ಆಗ ದಾನಿಗಳಿಗೆಂದು ಒಂದು ಸ್ಪಿಟ್‌ಫೈರಿಗೆ 5,000 ಪೌಂಡು ಎಂದು ದರ ನಿಗದಿಪಡಿಸಿದ್ದರು. ಆ ಹಣ ಅರಮನೆಯಲ್ಲಿ ಬೆಳೆದದ್ದಲ್ಲ. ಯುದ್ಧನಿಧಿಗೆಂದು ಅಮಲ್ದಾರರು ಊರಿಗೆ ಬಂದರೆ ಗೌಡರು ಹಿತ್ತಲಿಗೆ ಹೋಗುತ್ತಿದ್ದರೆಂದು ನಮ್ಮ ತಾತ ನಗುತ್ತ ಹೇಳುತ್ತಿದ್ದರು. ಆದ್ದರಿಂದ ಇಂಗ್ಲಿಷರ ವಿಮಾನ ಎನ್ನುವ ಮುನ್ನ ಸ್ವಲ್ಪ ಯೋಚಿಸಬೇಕು. ಒಂದೆರಡು ಮೊಳೆಯ ಹಣ ನಮ್ಮ ರಾಗಿಹೊಲದ್ದು. ರಾಯರ ಹನ್ನೊಂದರಲ್ಲಿ ಮೈಸೂರು ದಳದ್ದೂ ಇಲ್ಲ, ಹೈದರಾಬಾದು ದಳದ್ದೂ ಇಲ್ಲ. ಹೇಳಿದಾಗ ಅವರು ಪೆಚ್ಚಾದರು. ಅಷ್ಟು ವರ್ಷ ಸಂಗ್ರಹಿಸಿದವರು ಪ್ರಕಾಶಕರ ಪಟ್ಟಿಯನ್ನು ನೋಡಿದರೇ ಹೊರತು ತಮ್ಮ ಅಂಗಳವನ್ನು ನೋಡಲಿಲ್ಲವೆಂಬುದು ನಮ್ಮ ಆಕ್ಷೇಪ. ಅವರ ಎದುರಿಗೇ ಹೇಳಿದ್ದೇವೆ.

ಹನ್ನೊಂದರಲ್ಲಿ ಒಂದನ್ನು ಮಾತ್ರ ಈವರೆಗೆ ಬಿಟ್ಟಿದ್ದೇವೆ. ಪ್ರದರ್ಶನದಲ್ಲಿ ಅದು ಬಾಗಿಲಿನ ಹಿಂದೆ, ಅರ್ಧ ಮರೆಯಲ್ಲಿತ್ತು. ರಾಯರ ಜೊತೆ ಕಾರ್ಖಾನೆಯಲ್ಲಿದ್ದ ನಕ್ಷೆಗಾರರೊಬ್ಬರು ಪೋಸ್ಟರ್ ಬಣ್ಣದಲ್ಲಿ ಬರೆದದ್ದು. ಮೇಲೆ ಬೆಳ್ಳಿಯ ಕಡ್ಡಿಯಂಥ ಸ್ಟಾರ್‌ಫೈಟರ್, ಕೆಳಗೆ ಗಾಯಗೊಂಡು ತಿರುಗಿ ನಿಂತ ಮಿಸ್ಟೇರ್. ಅದು ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಚಿತ್ರ.

ಕತೆ ವಾಚಕರಿಗೆ ಗೊತ್ತಿರಬಹುದು. 2025ರಲ್ಲಿ ಹೆಸರು ಬದಲಿಸಿ ಹಿಂದಿಯಲ್ಲಿ ಸಿನಿಮಾ ಕೂಡ ಬಂತು. 1965ರ ಸೆಪ್ಟೆಂಬರ್ 7ರ ಬೆಳಗ್ಗೆ ಒಂದನೆಯ ದಳದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೋದವು. ಸ್ಕ್ವಾಡ್ರನ್ ಲೀಡರ್ ದೇವಯ್ಯನವರು ಮರಳಲಿಲ್ಲ. ಕಾಣೆಯಾದವರ ಪಟ್ಟಿಗೆ ಹೆಸರು ಸೇರಿತು; ಏನಾಯಿತೆಂದು ಈ ಕಡೆ ಯಾರೂ ಕಂಡಿರಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರು ಆ ವಾಯುಯುದ್ಧವನ್ನು ಪಾಕಿಸ್ತಾನದ ಕಡೆಯಿಂದ ವಿವರಿಸಿ ಬರೆದ ಪುಸ್ತಕದಿಂದ ಸಂಗತಿ ಹೊರಬಿತ್ತು. ಅಮ್ಜದ್ ಹುಸೇನ್ ಎಂಬ ಪೈಲಟ್ ಶಬ್ದಕ್ಕಿಂತ ಇಮ್ಮಡಿ ವೇಗದ ಸ್ಟಾರ್‌ಫೈಟರಿನಲ್ಲಿ ಬಂದು ಒಂದು ಮಿಸ್ಟೇರನ್ನು ಹೊಡೆದರು. ಮುಗಿಯಿತೆಂದುಕೊಂಡ ಆ ಮಿಸ್ಟೇರ್ ಮುಗಿದಿರಲಿಲ್ಲ. ತಿರುಗಿ ಹೋರಾಡಿ ಸ್ಟಾರ್‌ಫೈಟರನ್ನೇ ಉರುಳಿಸಿತು. ಅಮ್ಜದ್ ಹುಸೇನ್ ಆಸನಸಮೇತ ಹೊರಹಾರಿ ಬದುಕಿದರು. ಮಿಸ್ಟೇರಿನಲ್ಲಿದ್ದವರು ದೇವಯ್ಯನವರೇ ಎಂದು ತಾಳೆಯಾಗಿ, ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ತಮೂರು ವರ್ಷ ತಡವಾಗಿ. ಸರ್ಕಾರಿ ಫೈಲಿನ ನಡೆಯನ್ನು ಬಲ್ಲ ನಮಗೂ ಇದು ದೀರ್ಘವೆನಿಸಿತು. ಆದರೆ ಫೈಲಿನ ತಪ್ಪೇನೂ ಇಲ್ಲ, ಸಾಕ್ಷಿ ಇರಲಿಲ್ಲ. ಕಂಡವನು ಶತ್ರುವೊಬ್ಬನೇ.

ಇಂಥ ಚಿತ್ರದ ಅಂಚಿನಲ್ಲಿ ಯಾರು ಸಹಿ ಹಾಕಬೇಕು? ಬದುಕಿ ಬಂದವರ ಹಸ್ತಾಕ್ಷರಕ್ಕೆ ಬೆಲೆ ಕಟ್ಟುವ ಈ ಇಡೀ ವ್ಯವಹಾರದಲ್ಲಿ ಬಾರದವನಿಗೆ ಜಾಗವಿಲ್ಲ. ಬಾರದವರಿಗೆಂದೇ ನಮ್ಮ ನಾಡಿನಲ್ಲಿ ಒಂದು ಕಲೆಯಿತ್ತು: ವೀರಗಲ್ಲು. ತುರು ಮರಳಿಸಲು ಹೋಗಿ ಸತ್ತವನಿಗೆ, ಊರ ಕಾಳಗದಲ್ಲಿ ಬಿದ್ದವನಿಗೆ ಊರಿನವರು ಕಲ್ಲು ನೆಟ್ಟರು. ಬೇಗೂರಿನ ಶಾಸನಗಳಲ್ಲೊಂದರಲ್ಲಿ ಬೆಂಗಳೂರೆಂಬ ಹೆಸರು ಕಾಣುವುದೂ ಕಾಳಗದ ಸಂದರ್ಭದಲ್ಲಿಯೇ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕದನ, ನಡುವೆ ಅಪ್ಸರೆಯರು ವೀರನನ್ನು ವಿಮಾನದಲ್ಲಿ ಮೇಲಕ್ಕೆ ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕುಳಿತಿರುವುದು. ಅವನು ವಿಮಾನ ಹತ್ತುವುದು ಸತ್ತ ಮೇಲೆ. ಹೆಸರು ಅವನದು, ಸಂಖ್ಯೆಯಿಲ್ಲ, ಒಂದೇ ಪ್ರತಿ, ಬಯಲಿನಲ್ಲಿ, ಮಳೆಗೆ ಬಿಸಿಲಿಗೆ. ಶಿಲ್ಪಿ ಮೋಡ ಬರೆಯುವ ಗೋಜಿಗೆ ಹೋಗಲಿಲ್ಲ.

ನಕ್ಷೆಗಾರರ ಚಿತ್ರ ಶ್ರೇಷ್ಠವೆಂದು ಹೇಳಲಾರೆವು. ವಿಮಾನಗಳ ಅಳತೆ ಎಳ್ಳಷ್ಟೂ ತಪ್ಪಿಲ್ಲ, ಅದು ಅವರ ಕಸುಬು. ಆಕಾಶ ಮಾತ್ರ ಶಾಲೆಯ ಗೋಡೆಗೆ ಸುಣ್ಣ ಬಳಿದ ಹಾಗಿದೆ. ಆದರೆ ಹನ್ನೊಂದರಲ್ಲಿ ಕೈಯಿಂದ ಬರೆದ ಮೂಲಚಿತ್ರ ಇದೊಂದೇ. ಭೂತಗನ್ನಡಿ ಹಿಡಿದರೂ ಚುಕ್ಕೆಯಾಗಿ ಒಡೆಯಲಿಲ್ಲ. ಮಾರುಕಟ್ಟೆಯಲ್ಲಿ ಇದಕ್ಕೆ ಕಟ್ಟಿನ ಮರದ ಬೆಲೆಯೂ ಬಾರದು. ಬರೆದವರ ಸಹಿಯೂ ಇಲ್ಲ. ಏಕೆಂದು ಕೇಳಿದೆವು. “ನಾನೂ ಕೇಳಿದೆ ನೋಡ್ರಿ,” ಎಂದರು ರಾಯರು. “ನಾ ಅಲ್ಲಿ ಇದ್ದೆನೇನ್ರೀ, ಸಹಿ ಮಾಡ್ಲಿಕ್ಕೆ? ಅಂದ್ರು.”

ಸಹಿಗಳ ಮಹಿಮೆ ರಾಯರಿಗೆ ಅರ್ಥವಾದದ್ದು ಇನ್ನೊಂದು ರೀತಿಯಿಂದ. ಕೆಲವು ವರ್ಷದ ಹಿಂದೆ, ಇಬ್ಬರು ಪೈಲಟ್‌ಗಳ ಸಹಿಯಿದ್ದ ಅತ್ಯಂತ ಬೆಲೆಯ ಪ್ರತಿಯೊಂದನ್ನು ಕಟ್ಟುಹಾಕಲು ಅಂಗಡಿಯೊಂದಕ್ಕೆ ಕೊಟ್ಟಿದ್ದರು. ಕಟ್ಟುವವನ ಬಳಿ ಸಿದ್ಧವಿದ್ದ ಚೌಕಟ್ಟು ನಾಲ್ಕು ಬೆರಳು ಗಿಡ್ಡ. ಅವನು ಬಿಳಿಯ ಕಾಗದ ವ್ಯರ್ಥವೆಂದುಕೊಂಡು ಕೆಳಗಿನ ಅಂಚನ್ನು ನೀಟಾಗಿ ಕತ್ತರಿಸಿ, ಹೊಳಪಿನ ಗಾಜು ಹಾಕಿ ಕೊಟ್ಟ. ರಾಯರು ಕಸದ ಬುಟ್ಟಿ ತಡಕಿದರು. ಅದಾಗಲೇ ಪೌರಕಾರ್ಮಿಕರ ಗಾಡಿಗೆ ಹೋಗಿತ್ತು. ಎರಡು ದಿನ ಊಟ ಸೇರಲಿಲ್ಲವೆಂದು ಅವರ ಮನೆಯವರು ಹೇಳಿದರು. ನಾವು ಸಮಾಧಾನಕ್ಕೆ ಹೋದಾಗ ಚಿತ್ರವನ್ನು ಗೋಡೆಗೆ ಹಾಕಿ ಕುಳಿತಿದ್ದರು. “ರೊಕ್ಕಾ ಹೋತ್ರೀ. ವಿಮಾನ ಎಲ್ಲೂ ಹೋಗಿಲ್ಲ,” ಎಂದರು. ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಆ ಚಿತ್ರವೂ ಪ್ರದರ್ಶನದಲ್ಲಿತ್ತು, ಬಲದಿಂದ ನಾಲ್ಕನೆಯದು. ಅಂಚಿಲ್ಲದ್ದೆಂದು ಗುರುತಿಸಿದವರು ಯಾರೂ ಇಲ್ಲ. ನಮ್ಮ ಕಣ್ಣಿಗೆ ಹತ್ತು ಮುದ್ರಣಗಳಲ್ಲಿ ಅದೇ ಉತ್ತಮ: ಮೋಡ ಕಡಿಮೆ, ಕೆಳಗೆ ಮಬ್ಬಿನಲ್ಲಿ ಒಂದು ಹೊಲ, ಅದರಲ್ಲಿ ಮೇಲೆ ನೋಡದೆ ಕುಯ್ಲು ಮಾಡುತ್ತಿರುವ ಒಬ್ಬ ಮನುಷ್ಯ. ಸಹಿ ಇದ್ದಷ್ಟು ದಿನ ನಾವಿಬ್ಬರೂ ಆ ಮನುಷ್ಯನನ್ನು ಕಂಡಿರಲಿಲ್ಲ.

ಸಂಗ್ರಹ ಮಾಡಬೇಕೆನ್ನುವವರಿಗೆ ಒಂದೆರಡು ಮಾತು. ಬಣ್ಣವನ್ನು ತಿನ್ನುವುದು ಬಿಸಿಲಿನ ಅತಿನೇರಳೆ ಕಿರಣ. ಕೆಂಪು ಮತ್ತು ಹಳದಿ ಮೊದಲು ಹೋಗಿ ಚಿತ್ರ ನೀಲಿಗಟ್ಟುತ್ತದೆ. ಪಶ್ಚಿಮದ ಕಿಟಕಿಯ ಎದುರು ಹಾಕಬೇಡಿ. ಹಿಂದೆ ಅಗ್ಗದ ರಟ್ಟು ಇಟ್ಟರೆ ಅದರ ಆಮ್ಲ ಕಾಗದಕ್ಕೆ ಇಳಿದು ಕಂದು ಕಲೆ ಬರುತ್ತದೆ. ಗಾಜಿಗೆ ಚಿತ್ರ ತಾಗಕೂಡದು. ನಮ್ಮ ಮಳೆಗಾಲದ ತೇವಕ್ಕೆ ಅಂಟಿಕೊಳ್ಳುತ್ತದೆ. ಹಣ ಬೆಳೆಯುತ್ತದೆಂದು ಯಾರಾದರೂ ಹೇಳಿದರೆ ಅಂಚೆ ಕಚೇರಿಯ ಉಳಿತಾಯ ಪತ್ರದ ದರವನ್ನು ಕೇಳಿಕೊಂಡು ಬಂದು ಆಮೇಲೆ ಮಾತಾಡಿ.

ರಾಯರು ಸಂಕ್ರಾಂತಿ ಕಳೆದ ಮೇಲೆ ಮಿಯಾಪುರದ ಮನೆ ಖಾಲಿಮಾಡಿ ಬೆಂಗಳೂರಿನ ಮಗನ ಮನೆಗೆ ಹೋಗುವವರಿದ್ದಾರೆ. ಅಲ್ಲಿ ಗೋಡೆ ಕಡಿಮೆ, ಕಿಟಕಿ ಹೆಚ್ಚು. ಸಹಿಯಿರುವ ಒಂಬತ್ತನ್ನು ಕೊಳ್ಳುವವರು ಸಿಕ್ಕಿದ್ದಾರೆ. ಅಂಚು ಹೋದದ್ದನ್ನು ಜೊತೆಗೆ ಒಯ್ಯುತ್ತಾರೆ. ಬಾಗಿಲ ಹಿಂದಿದ್ದದ್ದನ್ನು ನಮಗೆ ಕೊಟ್ಟರು. ಹಣದ ಮಾತೆತ್ತಿದ್ದಕ್ಕೆ ಗದರಿಸಿದರು.

ಅದರ ಹಳೆಯ ಗಾಜು ಪ್ರದರ್ಶನದಿಂದ ತರುವಾಗ ಬಿರುಕುಬಿಟ್ಟಿತ್ತು. ಹೊಸದು ಹಾಕಿಸಲು ಕಳೆದ ಭಾನುವಾರ ಅಂಗಡಿಗೆ ಒಯ್ದೆವು. ರಾಯರು ಹೋದ ಅಂಗಡಿಯಲ್ಲ, ಬೇರೆಯದು. ಕೆಳಗೆ ಎರಡು ಬೆರಳಷ್ಟು ಖಾಲಿ ಜಾಗವಿದೆ. ಕಟ್ಟುವವನು ಅಡಿಕೋಲು ಇಟ್ಟು, ತೆಲುಗಿನಲ್ಲಿ, ಇಲ್ಲಿ ಏನೂ ಇಲ್ಲವಲ್ಲ ಸಾರ್, ತೆಗೆದುಬಿಡಲೇ ಎಂದು ಕೇಳಿದ. ಬೇಡ, ಹಾಗೇ ಇರಲಿ ಎಂದೆವು.